ವರ್ಡ್‌ಪ್ರೆಸ್ ಪ್ಲಗಿನ್: ಫ್ರೀಲ್ಯಾನ್ಸ್ ಡೆವಲಪರ್ ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು

ಸೈಟ್ ಮುಗಿಸಿ ಕ್ಲೈಂಟ್ ಕೈಗೆ ಕೊಟ್ಟ ಮೇಲೆ ಬರುವ ಫೋನ್‌ಗಳಲ್ಲಿ ಬಹುಪಾಲು ಪ್ಲಗಿನ್‌ಗಳ (ವರ್ಡ್‌ಪ್ರೆಸ್ ಸೈಟಿಗೆ ಹೊಸ ಸೌಲಭ್ಯ ಸೇರಿಸುವ ಚಿಕ್ಕ ತಂತ್ರಾಂಶಗಳ) ಕಾರಣಕ್ಕೇ ಬರುತ್ತವೆ. ಫಾರ್ಮ್‌ನಿಂದ ಮೇಲ್ ಬರ್ತಿಲ್ಲ, ಬದಲಾಯಿಸಿದ ಬೆಲೆ ಕಾಣಿಸ್ತಿಲ್ಲ, ಅಪ್‌ಡೇಟ್ ಒತ್ತಿದ್ದಕ್ಕೆ ಪುಟವೇ ಬೆಳ್ಳಗಾಗಿದೆ. ಒಬ್ಬರೇ ದುಡಿಯುವವರಿಗೆ ಇಂಥ ಪ್ರತಿ ಫೋನೂ ಬಿಲ್ ಹಾಕಲಾಗದ ಅರ್ಧ ದಿನ. ಆದ್ದರಿಂದ ಎರಡು ಪ್ಲಗಿನ್ ಎದುರಿಗಿದ್ದಾಗ ಯಾವುದರಲ್ಲಿ ಸೌಲಭ್ಯ ಜಾಸ್ತಿ ಎಂದು ನೋಡುವ ಮೊದಲು ಇನ್ನೊಂದು ಪ್ರಶ್ನೆ ಹಾಕಿಕೊಳ್ಳಬೇಕು: ಇದನ್ನು ನಾಳೆ ಡಿಆಕ್ಟಿವೇಟ್ ಮಾಡಿದರೆ ಸೈಟಿನಲ್ಲಿ ಏನು ಉಳಿಯುತ್ತದೆ, ಇದು ಕೆಟ್ಟರೆ ಅದು ಯಾರ ಕಣ್ಣಿಗೆ ಮೊದಲು ಬೀಳುತ್ತದೆ? ಕೆಳಗಿನ ಹೋಲಿಕೆಗಳೆಲ್ಲ ಈ ಪ್ರಶ್ನೆಯ ಮೇಲೇ ನಿಂತಿವೆ. ಮನಸ್ಸಿನಲ್ಲಿಟ್ಟುಕೊಂಡಿರುವುದು ಶೇರ್ಡ್ ಹೋಸ್ಟಿಂಗ್‌ನಲ್ಲಿರುವ ಅಂಗಡಿ, ಕ್ಲಿನಿಕ್, ಶಾಲೆ, ಹೋಂಸ್ಟೇಗಳ ಸೈಟ್‌ಗಳನ್ನು. ಅವುಗಳಲ್ಲಿ ಹಲವು ಕನ್ನಡದಲ್ಲೂ ಇರುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ.

ಫಾರ್ಮ್ ಮತ್ತು ಮೇಲ್

ಫಾರ್ಮ್ ಪ್ಲಗಿನ್‌ಗಳಲ್ಲಿ ಮುಖ್ಯವಾಗಿ ನೋಡಬೇಕಾದ್ದು ಒಂದೇ: ಗ್ರಾಹಕ ತುಂಬಿದ ವಿವರ ಡೇಟಾಬೇಸ್‌ನಲ್ಲಿ ಉಳಿಯುತ್ತದೋ ಇಲ್ಲವೋ. ಕಾಂಟ್ಯಾಕ್ಟ್ ಫಾರ್ಮ್ 7 ಪೂರ್ತಿ ಉಚಿತ, ಹಗುರ, ಹಳೆಯದು. ಆದರೆ ತಾನಾಗಿ ಏನನ್ನೂ ಉಳಿಸುವುದಿಲ್ಲ. ಮೇಲ್ ಕಳಿಸುತ್ತದೆ, ಅಲ್ಲಿಗೆ ಮುಗಿಯಿತು. ಮೇಲ್ ತಲುಪದಿದ್ದರೆ ಆ ವಿಚಾರಣೆ ಹೋದಂತೆಯೇ. ಅದೇ ಲೇಖಕರ ಫ್ಲೆಮಿಂಗೋ ಎಂಬ ಜೊತೆ ಪ್ಲಗಿನ್ ಹಾಕಿದರೆ ಪ್ರತಿಯೊಂದೂ ಡ್ಯಾಶ್‌ಬೋರ್ಡ್‌ನಲ್ಲಿ ಸಿಗುತ್ತದೆ. ಕಾಂಟ್ಯಾಕ್ಟ್ ಫಾರ್ಮ್ 7 ಹಾಕುವುದಾದರೆ ಫ್ಲೆಮಿಂಗೋ ಇಲ್ಲದೆ ಹಾಕಲೇಬೇಡಿ. ಡಬ್ಲ್ಯುಪಿಫಾರ್ಮ್ಸ್‌ನ ಉಚಿತ ಲೈಟ್ ಆವೃತ್ತಿಯಲ್ಲಿ ಎಳೆದು ಬಿಡುವ ಸಂಪಾದಕ ಸೊಗಸಾಗಿದೆ, ಆದರೆ ಬಂದ ವಿವರಗಳನ್ನು ಡ್ಯಾಶ್‌ಬೋರ್ಡ್‌ನಲ್ಲಿ ನೋಡಬೇಕೆಂದರೆ ಹಣ ಕಟ್ಟಬೇಕು. ಫ್ಲುಯೆಂಟ್ ಫಾರ್ಮ್ಸ್ ಮತ್ತು ಫಾರ್ಮಿನೇಟರ್ ಉಚಿತ ಆವೃತ್ತಿಯಲ್ಲೇ ಎಲ್ಲವನ್ನೂ ಉಳಿಸಿಡುತ್ತವೆ.

ಕ್ಲೈಂಟ್ ತಾನೇ ಫಾರ್ಮ್ ತಿದ್ದುವವರಾದರೆ ಫ್ಲುಯೆಂಟ್ ಫಾರ್ಮ್ಸ್ ಕೊಡಿ. ಯಾರೂ ಮುಟ್ಟದ ಮೂರು ಖಾನೆಗಳ ಫಾರ್ಮ್ ಆದರೆ ಕಾಂಟ್ಯಾಕ್ಟ್ ಫಾರ್ಮ್ 7 ಸಾಕು. ಅದು ತನ್ನ ಸ್ಕ್ರಿಪ್ಟ್ ಮತ್ತು ಸ್ಟೈಲ್ ಫೈಲ್‌ಗಳನ್ನು ಎಲ್ಲ ಪುಟಗಳಲ್ಲೂ ಲೋಡ್ ಮಾಡುತ್ತದೆ, ಸಂಪರ್ಕ ಪುಟಕ್ಕೆ ಮಾತ್ರ ಸೀಮಿತಗೊಳಿಸಲು ಥೀಮ್‌ನಲ್ಲಿ ಎರಡು ಫಿಲ್ಟರ್ ಸೇರಿಸಬೇಕಾಗುತ್ತದೆ. ಇಲ್ಲಿನ ಗ್ರಾಹಕರು ಇಮೇಲ್‌ಗಿಂತ ಫೋನ್ ನಂಬರ್ ಕೊಡುವವರು. ಹೆಸರು, ಫೋನ್, ಸಂದೇಶ ಇಷ್ಟಿಟ್ಟು, ಫೋನ್ ಖಾನೆಗೆ ಕನಿಷ್ಠ 10, ಗರಿಷ್ಠ 13 ಅಕ್ಷರದ ಮಿತಿ ಹಾಕಿದರೆ ಪ್ಲಸ್ 91 ಸೇರಿಸಿ ಬರೆದವರದ್ದೂ ಸ್ವೀಕಾರವಾಗುತ್ತದೆ. ಇನ್ನು ವಾಟ್ಸಾಪ್ ಬಟನ್‌ಗೆಂದೇ ಪ್ಲಗಿನ್ ಹಾಕುವ ರೂಢಿಯೊಂದಿದೆ, ಬೇಡ. ವಾಟ್ಸಾಪ್‌ನ ನೇರ ಲಿಂಕ್‌ಗೆ 91 ಸೇರಿಸಿದ ನಂಬರ್ ಅಂಟಿಸಿದರೆ ಒಂದು ಸಾಲಿನ ಎಚ್‌ಟಿಎಂಎಲ್‌ನಲ್ಲಿ ಕೆಲಸ ಮುಗಿಯುತ್ತದೆ. ನಂಬರ್‌ನ ಮುಂದೆ ಪ್ಲಸ್ ಗುರುತು, ಸೊನ್ನೆ, ನಡುವೆ ಜಾಗ ಯಾವುದೂ ಇರಬಾರದು, ಅಷ್ಟೇ.

ಮೇಲ್ ತಲುಪದಿರುವುದು ಫಾರ್ಮ್ ಪ್ಲಗಿನ್‌ನ ದೋಷ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಕಾರಣ ಬೇರೆ. ವರ್ಡ್‌ಪ್ರೆಸ್ ತಾನಾಗಿ ಮೇಲ್ ಕಳಿಸುವುದು ಸರ್ವರ್‌ನ ಪಿಎಚ್‌ಪಿ ಮೇಲ್ ವ್ಯವಸ್ಥೆಯಿಂದ. ಅದಕ್ಕೆ ಸರಿಯಾದ ದೃಢೀಕರಣ ಇರುವುದಿಲ್ಲ, ಜಿಮೇಲ್ ಅದನ್ನು ಸ್ಪ್ಯಾಮ್‌ಗೆ ತಳ್ಳುತ್ತದೆ ಅಥವಾ ಬಾಗಿಲಲ್ಲೇ ತಿರಸ್ಕರಿಸುತ್ತದೆ. ಎರಡನೆಯ ಕಾರಣ ಇನ್ನೂ ಸಾಮಾನ್ಯ: ಫಾರ್ಮ್‌ನ ಕಳುಹಿಸಿದವರ ವಿಳಾಸದ ಜಾಗದಲ್ಲಿ ಗ್ರಾಹಕನ ಜಿಮೇಲ್ ವಿಳಾಸವನ್ನೇ ಹಾಕಿರುವುದು. ನಿಮ್ಮ ಸರ್ವರ್ ಜಿಮೇಲ್ ಹೆಸರಿನಲ್ಲಿ ಮೇಲ್ ಕಳಿಸಿದರೆ ಅದು ನಕಲಿ ಎಂದೇ ಪರಿಗಣನೆಯಾಗುತ್ತದೆ. ಕಳುಹಿಸಿದವರ ಜಾಗದಲ್ಲಿ ಯಾವಾಗಲೂ ಸೈಟಿನ ಸ್ವಂತ ಡೊಮೇನ್‌ನ ವಿಳಾಸ ಇರಲಿ, ಗ್ರಾಹಕನ ವಿಳಾಸ ರಿಪ್ಲೈ-ಟು ಸಾಲಿಗೆ ಹೋಗಲಿ.

ಆಮೇಲೆ ಎಸ್‌ಎಂಟಿಪಿ ಪ್ಲಗಿನ್, ಅಂದರೆ ಸೈಟಿನ ಮೇಲ್‌ಗಳನ್ನು ದೃಢೀಕರಿಸಿದ ಮೇಲ್ ಖಾತೆಯ ಮೂಲಕ ಕಳಿಸುವಂಥದ್ದು. ಡಬ್ಲ್ಯುಪಿ ಮೇಲ್ ಎಸ್‌ಎಂಟಿಪಿ ಹೆಚ್ಚು ಪ್ರಸಿದ್ಧ, ಸೆಟಪ್ ಸುಲಭ, ಆದರೆ ಕಳಿಸಿದ ಮೇಲ್‌ಗಳ ದಾಖಲೆ ಬೇಕೆಂದರೆ ಹಣ ಕೊಡಬೇಕು. ಫ್ಲುಯೆಂಟ್‌ಎಸ್‌ಎಂಟಿಪಿ ಪೂರ್ತಿ ಉಚಿತ, ದಾಖಲೆಯೂ ಸೇರಿ. ಪೋಸ್ಟ್ ಎಸ್‌ಎಂಟಿಪಿಯಲ್ಲೂ ದಾಖಲೆ ಉಚಿತ. ಆದರೆ 2025ರಲ್ಲಿ ಅದೇ ದಾಖಲೆಯನ್ನು ಸಾಮಾನ್ಯ ಸದಸ್ಯ ಖಾತೆಯಿಂದಲೂ ಓದಲು ಸಾಧ್ಯವಾಗುವ ದೋಷ ಬಯಲಾಯಿತು, 3.3.0ರಲ್ಲಿ ಸರಿಪಡಿಸಿದರು. ಇದರಿಂದ ಕಲಿಯಬೇಕಾದ್ದು ಎಲ್ಲ ಎಸ್‌ಎಂಟಿಪಿ ಪ್ಲಗಿನ್‌ಗಳಿಗೂ ಅನ್ವಯಿಸುತ್ತದೆ. ಮೇಲ್ ದಾಖಲೆಯಲ್ಲಿ ಪಾಸ್‌ವರ್ಡ್ ಬದಲಿಸುವ ಲಿಂಕ್‌ಗಳೂ ಇರುತ್ತವೆ, ಅಡ್ಮಿನ್ ಖಾತೆಯ ಲಿಂಕ್ ಕೂಡ. ದಾಖಲೆ 7 ಅಥವಾ 14 ದಿನಕ್ಕೆ ತಾನಾಗಿ ಅಳಿಸಿಹೋಗುವಂತೆ ಇಟ್ಟರೆ ಸಾಕಷ್ಟಾಯಿತು. ಒಟ್ಟಿನಲ್ಲಿ ಆಯ್ಕೆ ಫ್ಲುಯೆಂಟ್‌ಎಸ್‌ಎಂಟಿಪಿ.

ಜಿಮೇಲ್ ಮೂಲಕ ಕಳಿಸುವುದಾದರೆ ಪೋರ್ಟ್ 587, ಎನ್‌ಕ್ರಿಪ್ಷನ್ ಟಿಎಲ್‌ಎಸ್. ಖಾತೆಯ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಆಪ್ ಪಾಸ್‌ವರ್ಡ್ ಎಂಬ 16 ಅಕ್ಷರದ ಸಂಕೇತ ಪಡೆದು ಅದನ್ನು ಹಾಕಬೇಕು. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ಮೇಲ್ ಮಿತಿ. ಬ್ರೆವೋ ಎಂಬ ಮೇಲ್ ಸೇವೆಯ ಉಚಿತ ಯೋಜನೆಯಲ್ಲಿ ದಿನಕ್ಕೆ 300, ಚಿಕ್ಕ ಅಂಗಡಿಗೆ ಧಾರಾಳ. ಈ ಗುಟ್ಟಿನ ಸಂಕೇತಗಳನ್ನು ಪ್ಲಗಿನ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಇಡುವ ಬದಲು ವರ್ಡ್‌ಪ್ರೆಸ್‌ನ ಮೂಲ ಸೆಟ್ಟಿಂಗ್‌ಗಳಿರುವ ಡಬ್ಲ್ಯುಪಿ-ಕಾನ್ಫಿಗ್ ಫೈಲ್‌ನಲ್ಲಿ ಕಾನ್‌ಸ್ಟೆಂಟ್ ಆಗಿ ಬರೆಯಿರಿ. ಡೇಟಾಬೇಸ್‌ನ ಪ್ರತಿ ಯಾರ ಕೈಗೋ ಸಿಕ್ಕರೆ ಮೇಲ್ ಖಾತೆಯೂ ಅವರ ಕೈಗೆ ಹೋಗುವುದು ತಪ್ಪುತ್ತದೆ.

ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ಆ ಹೆಸರಿಗೆ ಸೇರಿದ ದಾಖಲೆಗಳ ಪಟ್ಟಿಯಲ್ಲಿ) ಒಂದು ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ. ಹೋಸ್ಟಿಂಗ್ ಕಂಪನಿ ಈಗಾಗಲೇ ಒಂದು ಎಸ್‌ಪಿಎಫ್ ದಾಖಲೆ (ಈ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ) ಹಾಕಿರುತ್ತದೆ, ಮೇಲ್ ಸೇವೆಯವರು ಇನ್ನೊಂದು ಹಾಕಿ ಅನ್ನುತ್ತಾರೆ, ಎರಡೂ ಕೂರುತ್ತವೆ. ಒಂದು ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಎರಡಿದ್ದರೆ ಎರಡೂ ರದ್ದಾದಂತೆ. ಇಬ್ಬರ ಇನ್‌ಕ್ಲೂಡ್‌ಗಳನ್ನೂ ಒಂದೇ ಸಾಲಿಗೆ ಸೇರಿಸಬೇಕು, ಮತ್ತು ಆ ಸಾಲು ಉಂಟುಮಾಡುವ ಡಿಎನ್‌ಎಸ್ ಹುಡುಕಾಟ 10 ದಾಟಬಾರದು. ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ) ಮತ್ತು ಡಿಮಾರ್ಕ್ (ಪರಿಶೀಲನೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂಬ ಸೂಚನೆ) ದಾಖಲೆಗಳನ್ನೂ ಆವತ್ತೇ ಹಾಕಿಬಿಡಿ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿವೆ. ಕಡಿಮೆ ಕಳಿಸುವವರಿಗೂ ಇವಿದ್ದರೆ ಮೇಲ್ ಇನ್‌ಬಾಕ್ಸ್‌ಗೆ ಬೀಳುವ ಸಾಧ್ಯತೆ ಹೆಚ್ಚು.

ಸ್ಪ್ಯಾಮ್ ತಡೆಯಲು ಅಕಿಸ್ಮೆಟ್ ಒಳ್ಳೆಯದೇ, ಆದರೆ ವ್ಯಾಪಾರಿ ಸೈಟ್‌ಗಳಿಗೆ ಅದು ಉಚಿತವಲ್ಲ. ಕ್ಲೌಡ್‌ಫ್ಲೇರ್‌ನ ಟರ್ನ್‌ಸ್ಟೈಲ್ ಉಚಿತ, ಚಿತ್ರ ಆರಿಸುವ ಕಾಟವೂ ಇಲ್ಲ. ಫಾರ್ಮ್ ವಿವರಗಳನ್ನು ಉಳಿಸಿಡುವ ಸೈಟ್ ಎಂದರೆ ಜನರ ವೈಯಕ್ತಿಕ ಮಾಹಿತಿ ಇಟ್ಟುಕೊಂಡಂತೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಅದು ಬರುತ್ತದೆ. ಎಷ್ಟು ದಿನ ಇಡುತ್ತೀರಿ ಎಂಬುದನ್ನು ಕ್ಲೈಂಟ್ ಜೊತೆ ಮೊದಲೇ ಮಾತಾಡಿ, ಪ್ರೈವಸಿ ಪುಟದಲ್ಲಿ ಬರೆದುಬಿಡಿ.

ಬ್ಯಾಕಪ್ ಬೇರೆ, ಸ್ಥಳಾಂತರ ಬೇರೆ

ಈ ಎರಡು ಕೆಲಸಕ್ಕೆ ಒಂದೇ ಪ್ಲಗಿನ್ ಹುಡುಕುವುದೇ ಗೊಂದಲಕ್ಕೆ ಮೂಲ. ದಿನನಿತ್ಯದ ಬ್ಯಾಕಪ್‌ಗೆ ಅಪ್‌ಡ್ರಾಫ್ಟ್‌ಪ್ಲಸ್. ಫೈಲ್‌ಗಳಿಗೂ ಡೇಟಾಬೇಸ್‌ಗೂ ಬೇರೆ ಬೇರೆ ವೇಳಾಪಟ್ಟಿ ಇಡಬಹುದು. ಅಂಗಡಿ ಸೈಟ್ ಆದರೆ ಡೇಟಾಬೇಸ್ ದಿನಕ್ಕೊಮ್ಮೆ, ಫೈಲ್‌ಗಳು ವಾರಕ್ಕೊಮ್ಮೆ ಸಾಕು. ಉಚಿತ ಆವೃತ್ತಿಯಲ್ಲಿ ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ಎಸ್3 ಇವುಗಳಲ್ಲಿ ಒಂದು ಜಾಗಕ್ಕೆ ಕಳಿಸಬಹುದು. ಬದಲಾದ ಫೈಲ್‌ಗಳನ್ನಷ್ಟೇ ತೆಗೆಯುವ ಇನ್‌ಕ್ರಿಮೆಂಟಲ್ ಬ್ಯಾಕಪ್‌ಗೆ ಹಣ ಕೊಡಬೇಕು. ಗೂಗಲ್ ಡ್ರೈವ್‌ನ ಉಚಿತ ಜಾಗ 15 ಜಿಬಿ, ಅದರಲ್ಲಿ ಕ್ಲೈಂಟ್‌ನ ಜಿಮೇಲ್ ಮತ್ತು ಫೋಟೋಗಳೂ ಸೇರಿವೆ. 2 ಜಿಬಿಯ ಸೈಟ್‌ಗೆ 8 ಪ್ರತಿ ಇಟ್ಟರೆ ಖಾತೆ ತುಂಬಿ ಅವರಿಗೆ ಮೇಲ್ ಬರುವುದೇ ನಿಲ್ಲುತ್ತದೆ. ಫೈಲ್‌ಗೆ 2 ಪ್ರತಿ, ಡೇಟಾಬೇಸ್‌ಗೆ 14 ಪ್ರತಿ ಹಿತವಾದ ಲೆಕ್ಕ. ಬ್ಯಾಕಪ್ ಅದೇ ಹೋಸ್ಟಿಂಗ್‌ನಲ್ಲೇ ಉಳಿದಿದ್ದರೆ ಅದನ್ನು ಬ್ಯಾಕಪ್ ಎಂದು ಲೆಕ್ಕಿಸಬೇಡಿ.

ವೇಳಾಪಟ್ಟಿ ಇಟ್ಟರೂ ಬ್ಯಾಕಪ್ ಆಗಿಲ್ಲ ಎಂಬ ದೂರಿಗೆ ಕಾರಣ ವರ್ಡ್‌ಪ್ರೆಸ್‌ನ ಕ್ರಾನ್, ಅಂದರೆ ನಿಗದಿತ ಹೊತ್ತಿನ ಕೆಲಸಗಳನ್ನು ನಡೆಸುವ ವ್ಯವಸ್ಥೆ. ಅದು ನಿಜವಾದ ಗಡಿಯಾರ ನೋಡಿ ಓಡುವುದಿಲ್ಲ, ಯಾರಾದರೂ ಸೈಟಿಗೆ ಬಂದಾಗ ಮಾತ್ರ ಎಚ್ಚರವಾಗುತ್ತದೆ. ದಿನಕ್ಕೆ ಹತ್ತು ಜನ ಬರುವ ಸೈಟಿನಲ್ಲಿ ಅದು ಗಂಟೆಗಟ್ಟಲೆ ಮಲಗಿರುತ್ತದೆ. ಮೇಲಿಂದ ಕ್ಯಾಶ್ (ಪುಟದ ಪ್ರತಿಯನ್ನು ಮೊದಲೇ ಉಳಿಸಿಡುವ) ಪ್ಲಗಿನ್ ಸಿದ್ಧ ಪುಟ ಕೊಡುತ್ತಿದ್ದರೆ ಪಿಎಚ್‌ಪಿ ಓಡುವುದೇ ಇಲ್ಲ, ಕ್ರಾನ್ ಇನ್ನಷ್ಟು ತಡ. ಪರಿಹಾರ ಎರಡು ಹೆಜ್ಜೆ: ಡಬ್ಲ್ಯುಪಿ-ಕಾನ್ಫಿಗ್‌ನಲ್ಲಿ ಒಳಗಿನ ಕ್ರಾನ್ ನಿಲ್ಲಿಸುವ ಕಾನ್‌ಸ್ಟೆಂಟ್ ಬರೆಯಿರಿ, ನಂತರ ಹೋಸ್ಟಿಂಗ್ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ನ ಕ್ರಾನ್ ಜಾಬ್ಸ್‌ನಲ್ಲಿ ಡಬ್ಲ್ಯುಪಿ-ಕ್ರಾನ್ ಫೈಲನ್ನು 15 ನಿಮಿಷಕ್ಕೊಮ್ಮೆ ಕರೆಯುವಂತೆ ಇಡಿ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತರೆ ನಿಗದಿತ ಪೋಸ್ಟ್‌ಗಳು ಪ್ರಕಟವಾಗುವುದೂ ನಿಂತುಹೋಗುತ್ತದೆ.

ಸ್ಥಳಾಂತರಕ್ಕೆ ಡೂಪ್ಲಿಕೇಟರ್ ಮತ್ತು ಆಲ್-ಇನ್-ಒನ್ ಡಬ್ಲ್ಯುಪಿ ಮೈಗ್ರೇಷನ್ ಎದುರುಬದುರು ನಿಲ್ಲುತ್ತವೆ. ಎರಡನೆಯದು ಬಳಸಲು ತೀರಾ ಸುಲಭ: ಇಡೀ ಸೈಟ್ ಒಂದೇ ಫೈಲ್ ಆಗಿ ಇಳಿಯುತ್ತದೆ, ಹೊಸ ಜಾಗದಲ್ಲಿ ಏರಿಸಿದರೆ ಆಯಿತು. ತೊಡಕು ಏರಿಸುವಾಗ: ಉಚಿತ ಆವೃತ್ತಿ ಹೋಸ್ಟಿಂಗ್‌ನ ಅಪ್‌ಲೋಡ್ ಮಿತಿಗೆ ಬದ್ಧ, ಆ ಮಿತಿ 128 ಎಂಬಿ ಇದ್ದು ಸೈಟ್ 700 ಎಂಬಿ ಇದ್ದರೆ ಅಲ್ಲೇ ನಿಲ್ಲುತ್ತೀರಿ. ಸರ್ವರ್‌ನಲ್ಲಿ ಈಗಾಗಲೇ ಇರುವ ಪ್ರತಿಯಿಂದ ಮರುಸ್ಥಾಪಿಸುವ ಬಟನ್‌ಗೂ ಹಣ. ಡೂಪ್ಲಿಕೇಟರ್ ಆರ್ಕೈವ್ ಮತ್ತು ಇನ್‌ಸ್ಟಾಲರ್ ಎಂಬ ಎರಡು ಫೈಲ್ ಕೊಡುತ್ತದೆ. ಅವನ್ನು ಎಫ್‌ಟಿಪಿಯಲ್ಲಿ ಏರಿಸುವುದರಿಂದ ಬ್ರೌಸರ್ ಅಪ್‌ಲೋಡ್ ಮಿತಿಯ ಗೊಡವೆಯಿಲ್ಲ, ಗುರಿಯ ಕಡೆ ವರ್ಡ್‌ಪ್ರೆಸ್ ಇರಲೇಬೇಕೆಂದೂ ಇಲ್ಲ, ಖಾಲಿ ಡೇಟಾಬೇಸ್ ಒಂದಿದ್ದರೆ ಸಾಕು. ಡೆವಲಪರ್ ಕೈಗೆ ಡೂಪ್ಲಿಕೇಟರ್ ಹೆಚ್ಚು ಒಗ್ಗುತ್ತದೆ. ಕೆಲಸ ಮುಗಿದ ಮೇಲೆ ಆ ಎರಡೂ ಫೈಲ್ ಅಳಿಸಲೇಬೇಕು. ಇನ್‌ಸ್ಟಾಲರ್ ಬಿಟ್ಟುಹೋದ ಸೈಟನ್ನು ಹೊರಗಿನವರು ವಶಪಡಿಸಿಕೊಳ್ಳಬಲ್ಲರು.

ಡೊಮೇನ್ ಬದಲಾದಾಗ ಡೇಟಾಬೇಸ್‌ನಲ್ಲಿ ನೇರವಾಗಿ ಎಸ್‌ಕ್ಯುಎಲ್ ಬರೆದು ಹಳೆಯ ವಿಳಾಸ ಅಳಿಸಿ ಹೊಸದು ಕೂರಿಸುವವರು ಇದ್ದಾರೆ. ಪುಟಗಳು ಸರಿಯಿರುತ್ತವೆ, ವಿಜೆಟ್‌ಗಳೂ ಥೀಮ್ ಸೆಟ್ಟಿಂಗ್‌ಗಳೂ ಮಾಯವಾಗುತ್ತವೆ. ಏಕೆಂದರೆ ವರ್ಡ್‌ಪ್ರೆಸ್ ಹಲವು ಸೆಟ್ಟಿಂಗ್‌ಗಳನ್ನು ಸೀರಿಯಲೈಸ್ ಮಾಡಿ ಇಡುತ್ತದೆ: ಪ್ರತಿ ಪಠ್ಯದ ಜೊತೆ ಅದು ಎಷ್ಟು ಬೈಟ್ ಉದ್ದ ಎಂಬ ಎಣಿಕೆಯೂ ಬರೆದಿರುತ್ತದೆ. ಎಚ್‌ಟಿಟಿಪಿಯನ್ನು ಎಚ್‌ಟಿಟಿಪಿಎಸ್ ಮಾಡಿದರೆ ಹೆಚ್ಚುವುದು ಒಂದೇ ಅಕ್ಷರ, ಆದರೆ ಎಣಿಕೆ ಹಳೆಯದೇ ಉಳಿಯುತ್ತದೆ. ಲೆಕ್ಕ ತಪ್ಪಿದ ಕೂಡಲೇ ಪಿಎಚ್‌ಪಿ ಇಡೀ ದಾಖಲೆಯನ್ನೇ ಓದಲು ನಿರಾಕರಿಸುತ್ತದೆ. ಕನ್ನಡ ಸೈಟ್‌ಗಳಲ್ಲಿ ಇದೇ ಪೆಟ್ಟು ಇನ್ನೊಂದು ದಾರಿಯಿಂದಲೂ ಬೀಳುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್. ಡೇಟಾಬೇಸ್ ಇಳಿಸುವಾಗ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಆಗಿದ್ದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, 3 ಬೈಟ್ ಇದ್ದದ್ದು 1 ಆಗುತ್ತದೆ, ಕನ್ನಡವೂ ಹೋಯಿತು, ವಿಜೆಟ್ಟೂ ಹೋಯಿತು. ಇಳಿಸುವಾಗಲೂ ಏರಿಸುವಾಗಲೂ ಯುಟಿಎಫ್8ಎಂಬಿ4 ಎಂದು ಸ್ಪಷ್ಟವಾಗಿ ಹೇಳಿ.

ವಿಳಾಸ ಬದಲಿಸಲು ಬೆಟರ್ ಸರ್ಚ್ ರಿಪ್ಲೇಸ್ ಪ್ಲಗಿನ್ ಬಳಸಿ, ಅಥವಾ ಎಸ್‌ಎಸ್‌ಎಚ್ ಪ್ರವೇಶವಿದ್ದರೆ ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಆದೇಶ. ಎರಡೂ ಎಣಿಕೆಯನ್ನು ಸರಿಪಡಿಸುತ್ತವೆ. ಮೊದಲು ಡ್ರೈ ರನ್ (ಏನನ್ನೂ ಬದಲಿಸದ ಪರೀಕ್ಷಾ ಓಟ), ಎಷ್ಟು ಜಾಗ ಬದಲಾಗುತ್ತದೆಂದು ನೋಡಿ, ಆಮೇಲೆ ನಿಜದ್ದು. ಪ್ರತಿ ಪೋಸ್ಟ್‌ನ ಶಾಶ್ವತ ಗುರುತು ಇರುವ ಜಿಯುಐಡಿ ಕಾಲಂ ಮುಟ್ಟಬೇಡಿ. ಎಲಿಮೆಂಟರ್ ಎಂಬ ಪುಟ ಕಟ್ಟುವ ಪ್ಲಗಿನ್ ಇರುವ ಸೈಟಿನಲ್ಲಿ ಇದಾದ ಮೇಲೂ ಚಿತ್ರಗಳು ಹಳೆಯ ಡೊಮೇನ್‌ನಿಂದಲೇ ಬರುತ್ತಿರಬಹುದು. ಅದು ತನ್ನ ವಿನ್ಯಾಸವನ್ನು ಜೇಸನ್ ರೂಪದಲ್ಲಿ ಇಡುತ್ತದೆ, ಅಲ್ಲಿ ವಿಳಾಸದ ಓರೆಗೆರೆಗಳ ಹಿಂದೆ ಹಿಮ್ಮುಖ ಓರೆಗೆರೆ ಸೇರಿರುವುದರಿಂದ ಹುಡುಕಾಟಕ್ಕೆ ಸಿಗುವುದಿಲ್ಲ. ಎಲಿಮೆಂಟರ್‌ನ ಟೂಲ್ಸ್‌ನಲ್ಲೇ ಇರುವ ರಿಪ್ಲೇಸ್ ಯುಆರ್‌ಎಲ್ ಬಳಸಿ, ನಂತರ ಸಿಎಸ್‌ಎಸ್ ಮತ್ತೆ ತಯಾರಿಸುವ ಬಟನ್ ಒತ್ತಿ.

ಕ್ಯಾಶ್: ಮೊದಲು ಸರ್ವರ್ ಯಾವುದೆಂದು ನೋಡಿ

ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬ್‌ನಲ್ಲಿ ಮೊದಲ ಸಾಲಿನ ಪ್ರತಿಕ್ರಿಯಾ ಹೆಡರ್ ನೋಡಿ. ಸರ್ವರ್ ಎಂಬಲ್ಲಿ ಲೈಟ್‌ಸ್ಪೀಡ್ ಎಂದಿದ್ದರೆ ಯೋಚನೆಯೇ ಬೇಡ, ಲೈಟ್‌ಸ್ಪೀಡ್ ಕ್ಯಾಶ್ ಹಾಕಿ; ಉಚಿತ, ಮತ್ತು ಪುಟಗಳು ಸರ್ವರ್ ಮಟ್ಟದಲ್ಲೇ ಉಳಿಯುವುದರಿಂದ ಅದಕ್ಕಿಂತ ಚುರುಕಾದದ್ದು ಅಲ್ಲಿ ಸಿಗದು. ಅಪಾಚೆ ಅಥವಾ ಎನ್‌ಜಿಂಕ್ಸ್ ಆಗಿದ್ದರೆ ಅದೇ ಪ್ಲಗಿನ್‌ನ ಪುಟ ಕ್ಯಾಶ್ ನೇರವಾಗಿ ಕೆಲಸ ಮಾಡುವುದಿಲ್ಲ, ಆ ಕಂಪನಿಯ ಕ್ವಿಕ್ ಕ್ಲೌಡ್ ಸೇವೆಗೆ ಜೋಡಿಸಬೇಕು. ಅಂಥಲ್ಲಿ ಖರ್ಚಿಲ್ಲದ ದಾರಿ ಡಬ್ಲ್ಯುಪಿ ಸೂಪರ್ ಕ್ಯಾಶ್: ಸಿಂಪಲ್ ಮೋಡ್ ಆನ್ ಮಾಡಿ, ಬಿಟ್ಟುಬಿಡಿ. ಕ್ಲೈಂಟ್ ಖರ್ಚು ಮಾಡಲು ಸಿದ್ಧರಿದ್ದರೆ ಡಬ್ಲ್ಯುಪಿ ರಾಕೆಟ್. ಅದಕ್ಕೆ ಉಚಿತ ಆವೃತ್ತಿಯಿಲ್ಲ, ಆದರೆ ಸೆಟ್ಟಿಂಗ್‌ಗಳು ಅರ್ಥವಾಗುವಂತಿವೆ. ಡಬ್ಲ್ಯು3 ಟೋಟಲ್ ಕ್ಯಾಶ್ ಶಕ್ತಿಶಾಲಿ ನಿಜ, ಆದರೆ ನೀವು ಹೋದ ಮೇಲೆ ಅದರ ಪುಟಗಟ್ಟಲೆ ಸೆಟ್ಟಿಂಗ್ಸ್ ಕ್ಲೈಂಟ್‌ಗೆ ತಲೆಬುಡ ತಿಳಿಯದು. ಚಿಕ್ಕ ಸೈಟ್‌ಗೆ ಬೇಡ.

ಫಾರ್ಮ್ ಮತ್ತು ಕ್ಯಾಶ್ ಜಗಳವಾಡುವ ಒಂದು ಜಾಗವಿದೆ. ಹಲವು ಫಾರ್ಮ್‌ಗಳು ನಾನ್ಸ್ ಎಂಬ ತಾತ್ಕಾಲಿಕ ಸಂಕೇತವನ್ನು ಪುಟದಲ್ಲಿ ಹುದುಗಿಸುತ್ತವೆ. ಅದರ ಆಯುಷ್ಯ 12ರಿಂದ 24 ಗಂಟೆ. ಪುಟ ವಾರಗಟ್ಟಲೆ ಕ್ಯಾಶ್‌ನಲ್ಲಿ ಕೂತರೆ ಸಂಕೇತ ಸತ್ತಿರುತ್ತದೆ, ಫಾರ್ಮ್ ಕಳಿಸಿದರೆ ದೋಷ. ಡೆವಲಪರ್ ಲಾಗಿನ್ ಆಗಿ ಪರೀಕ್ಷಿಸಿದರೆ ಎಲ್ಲ ಸರಿ ಕಾಣುತ್ತದೆ, ಏಕೆಂದರೆ ಲಾಗಿನ್ ಆದವರಿಗೆ ಸಾಮಾನ್ಯವಾಗಿ ಕ್ಯಾಶ್ ಪುಟ ಬರುವುದೇ ಇಲ್ಲ. ಡಬ್ಲ್ಯುಪಿ ರಾಕೆಟ್ ತಾನಾಗಿ 10 ಗಂಟೆಯ ಮಿತಿ ಇಟ್ಟಿರುವುದು ಇದೇ ಕಾರಣಕ್ಕೆ. ಬೇರೆ ಪ್ಲಗಿನ್‌ಗಳಲ್ಲಿ ಸಂಪರ್ಕ ಪುಟವನ್ನು ಕ್ಯಾಶ್‌ನಿಂದ ಹೊರಗಿಡಿ, ಇನ್‌ಕಾಗ್ನಿಟೋ ಕಿಟಕಿಯಲ್ಲೇ ಪರೀಕ್ಷಿಸಿ. ಅಂಗಡಿ ನಡೆಸುವ ವೂಕಾಮರ್ಸ್ ಪ್ಲಗಿನ್‌ನ ಕಾರ್ಟ್, ಚೆಕ್‌ಔಟ್ ಪುಟಗಳನ್ನು ಒಳ್ಳೆಯ ಕ್ಯಾಶ್ ಪ್ಲಗಿನ್‌ಗಳು ತಾವೇ ಬಿಡುತ್ತವೆ, ಆದರೂ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಜಾವಾಸ್ಕ್ರಿಪ್ಟ್ ತಡಮಾಡಿ ಲೋಡ್ ಮಾಡುವ ಆಯ್ಕೆಯನ್ನು ಆನ್ ಮಾಡಿದ ಮೇಲೆ ಪಾವತಿ ಕಿಟಕಿ ತೆರೆಯುತ್ತದೆಯೇ, ಮೊಬೈಲ್ ಮೆನು ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಲೇಬೇಕು. ಹೆಚ್ಚಾಗಿ ಮುರಿಯುವುದು ಇವೆರಡೇ.

ಎಸ್‌ಇಒ, ಮತ್ತು ಕನ್ನಡ ಸೈಟಿನ ಲಿಂಕ್‌ಗಳು

ಯೋಸ್ಟ್, ರ‍್ಯಾಂಕ್ ಮ್ಯಾತ್, ದಿ ಎಸ್‌ಇಒ ಫ್ರೇಮ್‌ವರ್ಕ್ ಮೂರೂ ಎಸ್‌ಇಒದ, ಅಂದರೆ ಸೈಟ್ ಸರ್ಚ್ ಎಂಜಿನ್‌ಗಳಲ್ಲಿ ಚೆನ್ನಾಗಿ ಕಾಣುವಂತೆ ಮಾಡುವ, ಮೂಲ ಕೆಲಸವನ್ನು ಸರಿಯಾಗಿ ಮಾಡುತ್ತವೆ. ಯೋಸ್ಟ್‌ನ ಉಚಿತ ಆವೃತ್ತಿಯಲ್ಲಿ ರಿಡೈರೆಕ್ಟ್ (ಹಳೆಯ ಲಿಂಕ್‌ಗೆ ಬಂದವರನ್ನು ಹೊಸದಕ್ಕೆ ಕಳಿಸುವ) ಸೌಲಭ್ಯ ಇಲ್ಲ, ರ‍್ಯಾಂಕ್ ಮ್ಯಾತ್‌ನಲ್ಲಿ ಉಚಿತವಾಗಿಯೇ ಇದೆ, 404 ದೋಷಗಳ ದಾಖಲೆಯೂ ಇದೆ. ಆದರೆ ರಿಡೈರೆಕ್ಟ್‌ಗಳನ್ನು ಎಸ್‌ಇಒ ಪ್ಲಗಿನ್‌ನೊಳಗೆ ಇಟ್ಟರೆ ನಾಳೆ ಪ್ಲಗಿನ್ ಬದಲಿಸುವ ದಿನ ಅವೆಲ್ಲ ಬಿದ್ದುಹೋಗುತ್ತವೆ. ಪ್ರತ್ಯೇಕವಾದ, ಉಚಿತವಾದ ರಿಡೈರೆಕ್ಷನ್ ಪ್ಲಗಿನ್‌ನಲ್ಲಿಟ್ಟರೆ ಆ ಚಿಂತೆಯಿಲ್ಲ. ಹಾಗೆ ನೋಡಿದರೆ ಗದ್ದಲವಿಲ್ಲದ, ಜಾಹೀರಾತು ತೋರಿಸದ ದಿ ಎಸ್‌ಇಒ ಫ್ರೇಮ್‌ವರ್ಕ್ ಜೊತೆಗೆ ರಿಡೈರೆಕ್ಷನ್, ಇದು ಚಿಕ್ಕ ಸೈಟ್‌ಗೆ ಚೊಕ್ಕ ಜೋಡಿ. ಎರಡು ಎಸ್‌ಇಒ ಪ್ಲಗಿನ್ ಒಟ್ಟಿಗೆ ಓಡಿಸಬೇಡಿ; ಒಂದೇ ಪುಟಕ್ಕೆ ಎರಡು ಕೆನಾನಿಕಲ್ ಟ್ಯಾಗ್ (ಪುಟದ ಅಧಿಕೃತ ವಿಳಾಸ ಇದೇ ಎಂದು ಹೇಳುವ ಗುರುತು) ಬರುತ್ತವೆ.

ಕನ್ನಡದಲ್ಲಿ ಬರೆಯುವ ಸೈಟ್ ಆದರೆ ಬರಹಕ್ಕೆ ಅಂಕ ಕೊಡಲು ಯೋಸ್ಟ್ ತೋರಿಸುವ ಹಸಿರು, ಕೆಂಪು ದೀಪಗಳನ್ನು ಕ್ಲೈಂಟ್‌ಗೆ ತೋರಿಸದಿರುವುದೇ ಮೇಲು. ಯೋಸ್ಟ್‌ನ ಓದುವಿಕೆಯ ಪೂರ್ಣ ವಿಶ್ಲೇಷಣೆ ಕನ್ನಡಕ್ಕಿಲ್ಲ. ಕೀವರ್ಡ್ ಪರೀಕ್ಷೆ ಇಟ್ಟ ಪದವನ್ನು ಇಟ್ಟ ಹಾಗೇ ಹುಡುಕುತ್ತದೆ. ‘ಅಡಿಕೆ ಬೆಲೆ’ ಎಂದು ಕೊಟ್ಟರೆ ‘ಅಡಿಕೆಯ ಬೆಲೆ’, ‘ಅಡಿಕೆ ಬೆಲೆಯಲ್ಲಿ’ ಅದರ ಲೆಕ್ಕಕ್ಕೆ ಬರುವುದಿಲ್ಲ. ದೀಪ ಹಸಿರು ಮಾಡಲು ಹೋಗಿ ವಿಭಕ್ತಿ ಕಿತ್ತುಹಾಕಿ ಬರೆದ ವಾಕ್ಯಗಳನ್ನು ಓದಿದವರಿಗೆ ಆ ಸೈಟಿನ ಮೇಲೆ ನಂಬಿಕೆ ಉಳಿಯುವುದಿಲ್ಲ.

ಲಿಂಕ್‌ನ ವಿಷಯ ಇನ್ನೂ ಮುಖ್ಯ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಸ್ಲಗ್ (ಲಿಂಕ್‌ನ ಕೊನೆಯಲ್ಲಿ ಬರುವ ಪುಟದ ಹೆಸರು) ಅನ್ನೂ ಕನ್ನಡದಲ್ಲೇ ಮಾಡಿ, ಒಳಗೆ ಶೇಕಡಾ ಚಿಹ್ನೆಗಳ ಸಂಕೇತವಾಗಿ ಉಳಿಸುತ್ತದೆ. ಪ್ರತಿ ಸಂಕೇತಕ್ಕೆ 3 ಬೈಟ್, ಪ್ರತಿ ಬೈಟ್‌ಗೆ 3 ಅಕ್ಷರ, ಒಟ್ಟು 9. ಸ್ಲಗ್‌ಗೆ ಇರುವ ಜಾಗ 200 ಅಕ್ಷರ, ಅಂದರೆ 22 ಸಂಕೇತ. ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರದೊಳಗಿನ ವಿರಾಮ ಎಲ್ಲಕ್ಕೂ ಬೇರೆ ಲೆಕ್ಕ. ‘ಬೆಂಗಳೂರಿನಲ್ಲಿ’ ಒಂದಕ್ಕೇ 13 ಸಂಕೇತ, 117 ಅಕ್ಷರ. ‘ಬೆಂಗಳೂರಿನಲ್ಲಿ ಅತ್ಯುತ್ತಮ ಮಸಾಲೆದೋಸೆ’ ಎಂದು ಶೀರ್ಷಿಕೆ ಕೊಟ್ಟರೆ ಮೊದಲೆರಡು ಪದಕ್ಕೇ 199 ತುಂಬಿ, ಮಸಾಲೆದೋಸೆ ಲಿಂಕ್‌ನಿಂದ ಪೂರ್ತಿ ಬಿದ್ದುಹೋಗುತ್ತದೆ. ವಾಟ್ಸಾಪ್‌ನಲ್ಲಿ ಅಂಟಿಸಿದಾಗ ಅದು ನಾಲ್ಕೈದು ಸಾಲಿನ ಶೇಕಡಾ ಚಿಹ್ನೆಗಳ ಸರಪಳಿಯಾಗಿ ಕಾಣುತ್ತದೆ. ಯಾವ ಎಸ್‌ಇಒ ಪ್ಲಗಿನ್ ಹಾಕಿದರೂ ಸ್ಲಗ್ ಅನ್ನು ಪ್ರಕಟಿಸುವ ಮೊದಲೇ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಕೈಯಾರೆ ಬರೆಯುವುದನ್ನು ಕ್ಲೈಂಟ್‌ಗೆ ಕಲಿಸಿ. ಪ್ರಕಟಿಸಿದ ಮೇಲೆ ಬದಲಿಸಿದರೆ ರಿಡೈರೆಕ್ಟ್ ಬೇಕು.

ಹೊಸ ಸೈಟ್ ತಿಂಗಳಾದರೂ ಗೂಗಲ್‌ನಲ್ಲಿ ಬಾರದಿದ್ದರೆ ಪ್ಲಗಿನ್ ಬದಲಿಸುವ ಮೊದಲು ಸೆಟ್ಟಿಂಗ್ಸ್‌ನ ರೀಡಿಂಗ್ ಪುಟ ನೋಡಿ. ಸ್ಟೇಜಿಂಗ್‌ನಲ್ಲಿ (ಸೈಟಿನ ಪರೀಕ್ಷಾ ಪ್ರತಿಯಲ್ಲಿ) ಸರ್ಚ್ ಎಂಜಿನ್‌ಗಳನ್ನು ದೂರವಿಡಲು ಹಾಕಿದ ಟಿಕ್ ಹಾಗೇ ಉಳಿದಿರುತ್ತದೆ.

ಫೀಲ್ಡ್‌ಗಳು, ಬಿಲ್ಡರ್‌ಗಳು, ಎರಡು ಭಾಷೆ

ಕಸ್ಟಮ್ ಫೀಲ್ಡ್‌ಗಳಿಗೆ, ಅಂದರೆ ಪೋಸ್ಟ್‌ಗೆ ನಾವೇ ಸೇರಿಸುವ ಹೆಚ್ಚುವರಿ ಖಾನೆಗಳಿಗೆ, ಎಸಿಎಫ್ (ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್) ಹೆಚ್ಚು ಬಳಕೆಯದು. ಉಚಿತ ಆವೃತ್ತಿಯಲ್ಲಿ ರಿಪೀಟರ್, ಗ್ಯಾಲರಿ, ಆಪ್ಷನ್ಸ್ ಪೇಜ್ ಇಲ್ಲ. ಪಾಡ್ಸ್ ಪೂರ್ತಿ ಉಚಿತ. ಕೋಡ್‌ನಲ್ಲೇ ಬರೆಯುವವರಿಗೆ ಮೆಟಾ ಬಾಕ್ಸ್ ಚೆನ್ನ, ಅದರ ಉಚಿತ ಆವೃತ್ತಿಯಲ್ಲೇ ಫೀಲ್ಡ್ ಪುನರಾವರ್ತಿಸುವ ಆಯ್ಕೆಯಿದೆ. ಎಸಿಎಫ್‌ನ ದೊಡ್ಡ ಲಾಭ ಥೀಮ್‌ನಲ್ಲಿ ಎಸಿಎಫ್-ಜೇಸನ್ ಹೆಸರಿನ ಫೋಲ್ಡರ್ ಮಾಡಿದರೆ ಸಿಗುತ್ತದೆ: ಫೀಲ್ಡ್ ರಚನೆಯೆಲ್ಲ ಫೈಲ್ ಆಗಿ ಅಲ್ಲಿ ಉಳಿಯುತ್ತದೆ, ಗಿಟ್‌ಗೆ ಸೇರಿಸಬಹುದು. ಡಿಆಕ್ಟಿವೇಟ್ ಮಾಡಿದರೂ ಡೇಟಾ ಡೇಟಾಬೇಸ್‌ನ ಪೋಸ್ಟ್‌ಮೆಟಾ ಟೇಬಲ್‌ನಲ್ಲಿ ಭದ್ರ. ಆದರೆ ಟೆಂಪ್ಲೇಟ್‌ನಲ್ಲಿ ಎಸಿಎಫ್‌ನ ಫಂಕ್ಷನ್ ನೇರವಾಗಿ ಕರೆದಿದ್ದರೆ ಪುಟ ಫೇಟಲ್ ಎರರ್‌ನಲ್ಲಿ ನಿಲ್ಲುತ್ತದೆ. ಸರಳ ಪಠ್ಯದ ಫೀಲ್ಡ್‌ಗಳಿಗೆ ವರ್ಡ್‌ಪ್ರೆಸ್‌ನದೇ ಗೆಟ್ ಪೋಸ್ಟ್ ಮೆಟಾ ಫಂಕ್ಷನ್ ಬಳಸಿ. 2024ರ ಅಕ್ಟೋಬರ್‌ನಲ್ಲಿ ಪ್ಲಗಿನ್‌ಗಳ ಅಧಿಕೃತ ತಾಣ ವರ್ಡ್‌ಪ್ರೆಸ್ ಡಾಟ್ ಆರ್ಗ್ ಎಸಿಎಫ್‌ನ ಪುಟವನ್ನು ವಶಕ್ಕೆ ತೆಗೆದುಕೊಂಡು ಸೆಕ್ಯೂರ್ ಕಸ್ಟಮ್ ಫೀಲ್ಡ್ಸ್ ಎಂದು ಹೆಸರು ಬದಲಿಸಿತು, ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯದ ಆದೇಶದ ಮೇಲೆ ಹಿಂದಿರುಗಿಸಿತು. ಆ ಎರಡು ತಿಂಗಳಲ್ಲಿ ಅಪ್‌ಡೇಟ್ ಒತ್ತಿದ ಸೈಟ್‌ಗಳಲ್ಲಿ ಪ್ಲಗಿನ್ನೇ ಬದಲಾಗಿರಬಹುದು. ಹಳೆಯ ಸೈಟ್ ವಹಿಸಿಕೊಂಡಾಗ ಯಾವುದು ಓಡುತ್ತಿದೆ ಎಂದು ಮೊದಲು ನೋಡಿ.

ಬಿಲ್ಡರ್ (ಪುಟದ ವಿನ್ಯಾಸ ಕಟ್ಟುವ ಸಾಧನ) ವಿಷಯದಲ್ಲಿ ತೀರ್ಪು ಸ್ಪಷ್ಟ. ಹೊಸ ಸೈಟ್ ಆದರೆ ಬ್ಲಾಕ್ ಎಡಿಟರ್ ಜೊತೆ ಜನರೇಟ್‌ಬ್ಲಾಕ್ಸ್ ಅಥವಾ ಕೇಡೆನ್ಸ್ ಬ್ಲಾಕ್ಸ್. ತೆಗೆದಾಗ ಪಠ್ಯವೂ ಚಿತ್ರವೂ ಎಚ್‌ಟಿಎಂಎಲ್ ಆಗಿ ಉಳಿಯುತ್ತವೆ. ಎಲಿಮೆಂಟರ್ ತೆಗೆದರೆ ವಿನ್ಯಾಸ ಕಳಚಿದ ಪಠ್ಯ ಸಿಗುತ್ತದೆ. ಡಿವಿಯಲ್ಲಿ ಕಟ್ಟಿದ ಹಳೆಯ ಪುಟಗಳಲ್ಲಿ ಶಾರ್ಟ್‌ಕೋಡ್‌ಗಳ (ಚೌಕ ಆವರಣದೊಳಗಿನ ಸಂಕೇತಗಳ) ರಾಶಿಯೇ ಪರದೆ ತುಂಬುತ್ತದೆ. ಕ್ಲೈಂಟ್ ಈಗಾಗಲೇ ಎಲಿಮೆಂಟರ್ ಕಲಿತಿದ್ದರೆ ಮಾತ್ರ ಅದರಲ್ಲೇ ಮುಂದುವರಿಯಿರಿ.

ಕನ್ನಡ ಮತ್ತು ಇಂಗ್ಲಿಷ್ ಎರಡೂ ಬೇಕಾದ ಸೈಟ್‌ಗೆ ಪಾಲಿಲ್ಯಾಂಗ್, ಟ್ರಾನ್ಸ್‌ಲೇಟ್‌ಪ್ರೆಸ್, ಡಬ್ಲ್ಯುಪಿಎಂಎಲ್ ಮೂರು ದಾರಿ. ಎರಡು ಭಾಷೆಯ ಬರಹ ಬೇರೆ ಬೇರೆಯಾಗಿಯೇ ಬರೆಯುವುದಾದರೆ ಪಾಲಿಲ್ಯಾಂಗ್: ಪ್ರತಿ ಭಾಷೆಗೂ ಬೇರೆ ಪೋಸ್ಟ್, ತೆಗೆದರೂ ಎರಡೂ ಉಳಿಯುತ್ತವೆ, ಪಟ್ಟಿಯಲ್ಲಿ ಕಲಸಿಹೋಗುತ್ತವೆ ಅಷ್ಟೇ. ವೂಕಾಮರ್ಸ್‌ಗೆ ಬೇಕಾದ ಜೋಡಣೆ ಮಾತ್ರ ಹಣದ್ದು. ಇದ್ದ ಪುಟವನ್ನು ನೋಡುತ್ತಲೇ ಸಾಲು ಸಾಲಾಗಿ ಅನುವಾದಿಸುವುದಾದರೆ ಟ್ರಾನ್ಸ್‌ಲೇಟ್‌ಪ್ರೆಸ್. ಉಚಿತದಲ್ಲಿ ಒಂದು ಹೆಚ್ಚುವರಿ ಭಾಷೆ, ಕನ್ನಡ-ಇಂಗ್ಲಿಷ್ ಜೋಡಿಗೆ ಅದೇ ಸಾಕು. ಆದರೆ ಅನುವಾದಗಳು ಅದರ ಸ್ವಂತ ಟೇಬಲ್‌ನಲ್ಲಿರುತ್ತವೆ, ತೆಗೆದ ದಿನ ಎರಡನೆಯ ಭಾಷೆ ಸೈಟಿನಿಂದ ಕಾಣೆ. ಡಬ್ಲ್ಯುಪಿಎಂಎಲ್‌ಗೆ ಉಚಿತ ಆವೃತ್ತಿಯೇ ಇಲ್ಲ. ಹಲವು ಭಾಷೆಯ ದೊಡ್ಡ ಅಂಗಡಿಗಳಿಗೆ ಬಿಡಿ.

ಭದ್ರತೆ ಮತ್ತು ಅಪ್‌ಡೇಟ್

ಭದ್ರತಾ ಪ್ಲಗಿನ್ ವರ್ಡ್‌ಫೆನ್ಸ್‌ನ ಉಚಿತ ಆವೃತ್ತಿಗೆ ಹೊಸ ಫೈರ್‌ವಾಲ್ ನಿಯಮಗಳು 30 ದಿನ ತಡವಾಗಿ ಬರುತ್ತವೆ. ಅದರ ಸ್ಕ್ಯಾನ್ ದುರ್ಬಲ ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಿಪಿಯು ಮಿತಿ ಮುಟ್ಟಿಸಬಹುದು. ಚಿಕ್ಕ ಸೈಟ್‌ಗೆ ಕ್ಲೌಡ್‌ಫ್ಲೇರ್ ಮುಂದೆ, ಎರಡು ಹಂತದ ಲಾಗಿನ್‌ಗೆ ಟು-ಫ್ಯಾಕ್ಟರ್ ಪ್ಲಗಿನ್ ಒಳಗೆ, ಇಷ್ಟರಿಂದ ಬಹಳಷ್ಟು ಕಾಪಾಡಿಕೊಳ್ಳಬಹುದು. ಉಳಿದದ್ದು ಅಪ್‌ಡೇಟ್‌ನಲ್ಲಿದೆ. 2024ರ ಆಗಸ್ಟ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿದ್ದ ಲೈಟ್‌ಸ್ಪೀಡ್ ಕ್ಯಾಶ್‌ನಲ್ಲೇ ಹೊರಗಿನವರು ಅಡ್ಮಿನ್ ಆಗಬಲ್ಲ ದೋಷ ಸಿಕ್ಕಿತು, 6.4ರಲ್ಲಿ ಮುಚ್ಚಿದರು. ಒಳ್ಳೆಯ ಪ್ಲಗಿನ್‌ಗೂ ಹೀಗಾಗುತ್ತದೆ. ಕ್ಯಾಶ್, ಫಾರ್ಮ್, ಎಸ್‌ಎಂಟಿಪಿ, ಎಸ್‌ಇಒ ಪ್ಲಗಿನ್‌ಗಳಿಗೆ ಸ್ವಯಂ ಅಪ್‌ಡೇಟ್ ಆನ್ ಇಡಿ; ವೂಕಾಮರ್ಸ್ ಮತ್ತು ಬಿಲ್ಡರ್ ಅನ್ನು ಸ್ಟೇಜಿಂಗ್‌ನಲ್ಲಿ ನೋಡಿಯೇ ಅಪ್‌ಡೇಟ್ ಮಾಡಿ. ವರ್ಡ್‌ಪ್ರೆಸ್ 6.6ರಿಂದ ಸ್ವಯಂ ಅಪ್‌ಡೇಟ್ ಫೇಟಲ್ ಎರರ್ ತಂದರೆ ಹಳೆಯ ಆವೃತ್ತಿಗೆ ತಾನಾಗಿ ಮರಳುವ ವ್ಯವಸ್ಥೆಯಿದೆ.

ಭದ್ರತೆಯ ಕಾರಣಕ್ಕೆ ವರ್ಡ್‌ಪ್ರೆಸ್ ಡಾಟ್ ಆರ್ಗ್ ಒಂದು ಪ್ಲಗಿನ್ ಅನ್ನು ಮುಚ್ಚಿದರೆ ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಯಾವ ಸೂಚನೆಯೂ ಬರುವುದಿಲ್ಲ, ಅದು ಸುಮ್ಮನೆ ಓಡುತ್ತಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿ ಪ್ಲಗಿನ್‌ನ ಪುಟ ತೆರೆದು ಕೊನೆಯ ಅಪ್‌ಡೇಟ್ ದಿನಾಂಕ ನೋಡುವುದು ನಿರ್ವಹಣೆಯ ಒಪ್ಪಂದದಲ್ಲೇ ಇರಲಿ. ಐದಾರು ಸೈಟ್‌ವರೆಗೆ ಇದು ಕೈಯಲ್ಲೇ ಆಗುತ್ತದೆ. ಅದಕ್ಕಿಂತ ಹೆಚ್ಚಾದರೆ ಹಲವು ಸೈಟ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಮೇನ್‌ಡಬ್ಲ್ಯುಪಿ ಅಥವಾ ಮ್ಯಾನೇಜ್‌ಡಬ್ಲ್ಯುಪಿ. ಎರಡನೆಯದು ಗೋಡ್ಯಾಡಿ ಒಡೆತನದ ಕ್ಲೌಡ್ ಸೇವೆ, ಖಾತೆ ತೆರೆದರೆ ಸಾಕು, ತಿಂಗಳಿಗೊಂದು ಬ್ಯಾಕಪ್ ಉಚಿತ. ಮೇನ್‌ಡಬ್ಲ್ಯುಪಿಯನ್ನು ನಿಮ್ಮದೇ ಸರ್ವರ್‌ನಲ್ಲಿ ನಡೆಸಬೇಕು. ಅದಕ್ಕೆಂದೇ ಬೇರೆ ವರ್ಡ್‌ಪ್ರೆಸ್ ಹಾಕಿ, ಅದರಲ್ಲಿ ಮತ್ತೇನನ್ನೂ ಇಡಬೇಡಿ. ಆ ಒಂದು ಸೈಟ್ ಕೈತಪ್ಪಿದರೆ ಎಲ್ಲ ಕ್ಲೈಂಟ್‌ಗಳ ಸೈಟ್‌ಗಳೂ ಕೈತಪ್ಪುತ್ತವೆ.

ಸೈಟ್ ನಿಧಾನವಾಯಿತು, ಯಾವ ಪ್ಲಗಿನ್ ಕಾರಣ ಎಂಬ ಪ್ರಶ್ನೆಗೆ ಕ್ವೆರಿ ಮಾನಿಟರ್ ಸಾಕು, ಹೋಲಿಸಲು ಇನ್ನೊಂದಿಲ್ಲ. 0.05 ಸೆಕೆಂಡ್ ದಾಟಿದ ಕ್ವೆರಿಗಳನ್ನು (ಡೇಟಾಬೇಸ್‌ಗೆ ಹೋಗುವ ಪ್ರಶ್ನೆಗಳನ್ನು) ಬೇರೆಯಾಗಿ ತೋರಿಸುತ್ತದೆ, ಪ್ರತಿಯೊಂದೂ ಯಾವ ಪ್ಲಗಿನ್‌ನಿಂದ ಬಂತು ಎಂಬುದನ್ನೂ. ನೋಡಿ ಮುಗಿದ ಮೇಲೆ ಡಿಆಕ್ಟಿವೇಟ್ ಮಾಡಿ.

ಲೈಸೆನ್ಸ್ ಯಾರ ಹೆಸರಿನಲ್ಲಿ

ಹಣದ ಪ್ಲಗಿನ್‌ಗಳನ್ನು ಕ್ಲೈಂಟ್‌ನ ಇಮೇಲ್, ಕ್ಲೈಂಟ್‌ನ ಕಾರ್ಡ್‌ನಿಂದಲೇ ಕೊಳ್ಳಿಸಿ. ನಿಮ್ಮ ಅನಿಯಮಿತ ಲೈಸೆನ್ಸ್‌ನ ಕೀ ಹಾಕಿಕೊಟ್ಟರೆ ನೀವು ನವೀಕರಿಸದ ವರ್ಷ ಹತ್ತಾರು ಸೈಟ್‌ಗಳ ಅಪ್‌ಡೇಟ್ ಒಟ್ಟಿಗೆ ನಿಲ್ಲುತ್ತದೆ. ಉಚಿತವಾಗಿ ಸಿಗುವ ನಲ್ಡ್ (ಲೈಸೆನ್ಸ್ ತಪಾಸಣೆ ಮುರಿದು ಹಂಚುವ) ಪ್ರತಿಗಳನ್ನು ಮುಟ್ಟಲೇಬೇಡಿ. ಅವುಗಳಲ್ಲಿ ಹಿಂಬಾಗಿಲು ಸೇರಿಸಿರುವುದು ಸಾಮಾನ್ಯ, ಅಪ್‌ಡೇಟ್ ಅಂತೂ ಬರುವುದಿಲ್ಲ. ಇನ್ನೊಂದು, ವಿದೇಶಿ ಕಂಪನಿಗಳ ಸ್ವಯಂ ನವೀಕರಣವನ್ನು ನಂಬಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಕಾರ್ಡ್‌ನಿಂದ ಮತ್ತೆ ಮತ್ತೆ ಹಣ ಕಡಿತಕ್ಕೆ ಕೊಡುವ ಅನುಮತಿ) ನಿಯಮ ಬಿಗಿಯಾಗಿದೆ, ನೋಂದಾಯಿಸದ ಮರುಕಳಿಸುವ ಪಾವತಿಗಳನ್ನು ಬ್ಯಾಂಕ್ ತಿರಸ್ಕರಿಸುತ್ತದೆ. 15,000 ರೂಪಾಯಿ ದಾಟಿದರೆ ಪ್ರತಿ ಸಲವೂ ಒಟಿಪಿ ಬೇಕು. ಲೈಸೆನ್ಸ್ ಮುಗಿದರೂ ಹೆಚ್ಚಿನ ಪ್ಲಗಿನ್‌ಗಳು ಓಡುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಸ್ತಾಂತರದ ಕಡತದಲ್ಲಿ ಪ್ರತಿ ಪ್ಲಗಿನ್‌ನ ಹೆಸರು, ಅದು ಮಾಡುವ ಕೆಲಸ, ಲೈಸೆನ್ಸ್ ಇರುವ ಇಮೇಲ್, ಮುಗಿಯುವ ದಿನಾಂಕ ಬರೆದುಕೊಡಿ, ಆ ದಿನಾಂಕಕ್ಕೆ 30 ದಿನ ಮೊದಲು ಕ್ಲೈಂಟ್‌ನ ಕ್ಯಾಲೆಂಡರ್‌ನಲ್ಲೂ ನಿಮ್ಮದರಲ್ಲೂ ನೆನಪೋಲೆ ಹಾಕಿ.